ಮೇಲೆ ಬರೆಸಿದ್ದು

ಪುಣೆಯ ಧಾಯರಿಯಲ್ಲಿ ನಾವು ವಾಸವಿರುವ ಫ್ಲ್ಯಾಟಿನ ಮೂಲಪತ್ರಗಳನ್ನು ನಾನು ಕಣ್ಣಾರೆ ನೋಡಿ ಏಳು ವರ್ಷಗಳಾಗಿದ್ದವು. ಅವು ಯಾವ ಊರಿನ ಯಾವ ಕೋಣೆಯಲ್ಲಿವೆ ಎಂಬುದು ಸಹ ನನಗೆ ತಿಳಿದಿರಲಿಲ್ಲ. ಸಾಲ ಕೊಟ್ಟ ಗೃಹಸಾಲ ಸಂಸ್ಥೆಯವರು ಒಪ್ಪಂದದ ದಿನ ಎಲ್ಲವನ್ನೂ ಒಂದು ನೀಲಿ ಚೀಲದಲ್ಲಿ ತುಂಬಿಕೊಂಡು ಹೋಗಿದ್ದರು. ನನ್ನ ಬಳಿ ಉಳಿದದ್ದು ಇಂಡೆಕ್ಸ್ ಟುವಿನ ಒಂದು ಮಸುಕು ಜೆರಾಕ್ಸ್ ಮತ್ತು ಮನೆಯ ಕೀಲಿಕೈ. ಮರಾಠಿಯಲ್ಲಿ ಇದಕ್ಕೆ ಗಹಾಣ ಎನ್ನುತ್ತಾರೆ. ನಮ್ಮಲ್ಲಿ ಒತ್ತೆ, ಅಡವು, ಅಡಮಾನ, ಆಧಾರ, ಭೋಗ್ಯ ಎಂದು ಎಷ್ಟೊಂದು ಮಾತುಗಳಿವೆ. ಒಂದು ಭಾಷೆಯಲ್ಲಿ ಒಂದೇ ಸಂಗತಿಗೆ ಇಷ್ಟು ಹೆಸರುಗಳಿದ್ದರೆ, ಆ ಭಾಷೆಯಾಡುವ ಜನ ಅದನ್ನು ಸಾಕಷ್ಟು ಅನುಭವಿಸಿದ್ದಾರೆ ಎಂದೇ ತಿಳಿಯಬೇಕು.

2024ರ ಜನವರಿಯ ಕಂತು ಕಟ್ಟಿದ ದಿನ ಸುಮ್ಮನೆ ಕುತೂಹಲಕ್ಕೆಂದು ಸಾಲದ ಲೆಕ್ಕಪತ್ರ ತೆರೆದೆ. 2017ರ ಆರಂಭದಲ್ಲಿ 36 ಲಕ್ಷ ರೂಪಾಯಿಯನ್ನು ಶೇ. 9.5ರ ಬಡ್ಡಿಗೆ, 20 ವರ್ಷಗಳ ಅವಧಿಗೆ ತೆಗೆದುಕೊಂಡಿದ್ದೆ. ತಿಂಗಳ ಕಂತು 33,557 ರೂಪಾಯಿ. ಅಂದಿಗೆ 84 ಕಂತುಗಳು ಸಂದಿದ್ದವು, ಅಂದರೆ 28 ಲಕ್ಷಕ್ಕೂ ಮಿಕ್ಕಿ ಕಟ್ಟಿದ್ದೆ. ಅಸಲು ಮಾತ್ರ ಇನ್ನೂ ಮೂವತ್ತು ಲಕ್ಷದ ಆಸುಪಾಸಿನಲ್ಲಿಯೇ ಕುಳಿತಿತ್ತು. ಮೊದಲ ವರ್ಷಗಳಲ್ಲಿ ಕಂತಿನ ಬಹುಪಾಲು ಬಡ್ಡಿಗೇ ಹೋಗುತ್ತದೆಂಬುದು ಗೊತ್ತಿಲ್ಲದ ಸಂಗತಿಯೇನಲ್ಲ. ಗೊತ್ತಿದ್ದರೂ ಆ ಅಂಕಿಯನ್ನು ಎದುರಿಗೆ ಕಂಡಾಗ ನೀರು ಕುಡಿಯಬೇಕೆನಿಸಿತು.

ಅದಕ್ಕಿಂತ ಬೇಸರ ತರಿಸಿದ್ದು ಇನ್ನೊಂದು ಸಾಲು. ರಿಸರ್ವ್ ಬ್ಯಾಂಕು ರೆಪೊ ದರವನ್ನು 2020ರ ಮೇ ತಿಂಗಳಲ್ಲಿ ಶೇ. 4ಕ್ಕೆ ಇಳಿಸಿದಾಗ ನನ್ನ ಬಡ್ಡಿ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. 2022ರ ಮೇಯಿಂದ ಅದು ಏರತೊಡಗಿ 2023ರ ಫೆಬ್ರವರಿಯಲ್ಲಿ 6.5 ತಲಪುವ ಹೊತ್ತಿಗೆ ನನ್ನದು ಶಿಸ್ತಿನಿಂದ ಮೇಲೇರಿ 10.25 ಆಗಿತ್ತು. ಕಂತು ಏರದಿದ್ದುದರಿಂದ ನನಗೆ ತಿಳಿಯಲಿಲ್ಲ. ಏರಿದ್ದು ಕಂತುಗಳ ಸಂಖ್ಯೆ. 156 ಉಳಿಯಬೇಕಾದಲ್ಲಿ 170 ಉಳಿದಿದ್ದವು. ಹದಿನಾಲ್ಕು ತಿಂಗಳ ಆಯುಷ್ಯವನ್ನು ಯಾರೋ ನನ್ನನ್ನು ಕೇಳದೆಯೇ ಬರೆದುಕೊಂಡಿದ್ದರು. ಬಡ್ಡಿ ಬದಲಾದಾಗ ಕಂತು ಏರಿಸಬೇಕೋ ಅವಧಿ ಬೆಳೆಸಬೇಕೋ ಎಂದು ಸಾಲಗಾರನನ್ನು ಕೇಳಬೇಕೆಂದು ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲಿ ಸೂಚನೆ ಹೊರಡಿಸಿತು. ನನ್ನ ಮಟ್ಟಿಗೆ ಅದು ತಡವಾಗಿ ಬಂದ ಮಳೆ.

ಹೀಗಾಗಿ ಸಾಲವನ್ನು ಬೇರೆ ಬ್ಯಾಂಕಿಗೆ ಸಾಗಿಸುವುದೆಂದು ನಿಶ್ಚಯಿಸಿದೆ. ರೆಪೊ ದರಕ್ಕೆ ನೇರವಾಗಿ ಜೋಡಿಸಿದ ಸಾಲವನ್ನು ಒಂದು ಬ್ಯಾಂಕು ಶೇ. 8.6ಕ್ಕೆ ಕೊಡಲು ಸಿದ್ಧವಿತ್ತು. ಕಂತನ್ನು ಅಷ್ಟೇ ಇಟ್ಟುಕೊಂಡರೆ 170ರ ಬದಲು 144 ತಿಂಗಳಿಗೆ ಸಾಲ ತೀರುತ್ತಿತ್ತು. ಚರ ಬಡ್ಡಿಯ ಗೃಹಸಾಲವನ್ನು ವ್ಯಕ್ತಿಯೊಬ್ಬ ಅವಧಿಗೆ ಮುನ್ನ ತೀರಿಸಿದರೆ ದಂಡ ಹಾಕುವಂತಿಲ್ಲವಾದ್ದರಿಂದ ಹಳೆಯ ಸಂಸ್ಥೆಗೆ ಕೊಡಬೇಕಾದ್ದೇನೂ ಇರಲಿಲ್ಲ. ಹೊಸ ಬ್ಯಾಂಕಿನ ಪರಿಶೀಲನಾ ಶುಲ್ಕ, ವಕೀಲರ ವರದಿ, ಮೌಲ್ಯಮಾಪನ, ಮುದ್ರಾಂಕ ಎಲ್ಲ ಸೇರಿದರೂ ಒಂದು ತಿಂಗಳ ಕಂತಿನಷ್ಟೇ ಖರ್ಚು. ಲೆಕ್ಕ ಸರಳವಾಗಿತ್ತು. ಆ ವಾರವೇ ಸಂಕ್ರಾಂತಿಗೆಂದು ಊರಿಗೆ ಹೋಗದೆ ಇದ್ದಿದ್ದರೆ ಸರಳವಾಗಿಯೇ ಉಳಿಯುತ್ತಿತ್ತೇನೋ.

ನಮ್ಮೂರು ಗದಗ ಜಿಲ್ಲೆಯ ರೋಣ ತಾಲ್ಲೂಕಿನದು. ಕರಿನೆಲ, ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಜೋಳ. ನಮಗಿರುವುದು ಆರು ಎಕರೆ. ಅದರಲ್ಲಿ ನಾಲ್ಕು ಎಕರೆಯ ದೊಡ್ಡ ಹೊಲವನ್ನು ಬಾಜೂ ಹೊಲದವರು ಉಳುತ್ತಾರೆ. ಅಪ್ಪ ಅದನ್ನು ಲಾವಣಿಗೆ ಕೊಟ್ಟಿದ್ದಾನೆಂದೇ ನಾನು ಇಪ್ಪತ್ತೆರಡು ವರ್ಷ ನಂಬಿದ್ದೆ. ವಯಸ್ಸಾಯಿತು, ಎತ್ತು ಮಾರಿದ, ಲಾವಣಿಗೆ ಹಾಕಿದ. ಇದರಲ್ಲಿ ಅನುಮಾನ ಪಡುವಂಥದ್ದೇನಿದೆ? ಈ ಸಲ ಎಳ್ಳು-ಬೆಲ್ಲ ಕೊಡಲು ಬಂದ ಅವರೇ, ಮಾತಿನ ನಡುವೆ, ಯುಗಾದಿಗೆ ಬಾಂಡಿನ ಅವಧಿ ಮುಗಿಯುತ್ತದೆ, ಹೊಲ ಬಿಡಿಸಿಕೊಳ್ಳುವ ವಿಚಾರವಿದ್ದರೆ ಈಗಲೇ ಹೇಳಿ, ಇಲ್ಲದಿದ್ದರೆ ಮತ್ತೆ ಮೂರು ವರ್ಷಕ್ಕೆ ಬರೆಸೋಣ ಎಂದರು. ಅಪ್ಪ ನನ್ನ ಮುಖ ನೋಡಲಿಲ್ಲ.

ರಾತ್ರಿ ಟ್ರಂಕಿನಿಂದ ಅದರ ಪ್ರತಿ ಹೊರಬಂತು. ಹೊಲ ಭೋಗ್ಯಕ್ಕಿತ್ತು. 2001ರಲ್ಲಿ ನನ್ನ ಇಂಜಿನಿಯರಿಂಗ್ ಪ್ರವೇಶಕ್ಕೆ 1 ಲಕ್ಷ. 2009ರಲ್ಲಿ ತಂಗಿಯ ಮದುವೆಗೆ ಎರಡೂವರೆ ಲಕ್ಷ. ಮೂರನೆಯದು ನಾಲ್ಕೂವರೆ ಲಕ್ಷ. ಅದರ ದಿನಾಂಕ 2016ರ ದೀಪಾವಳಿ, ನೋಟು ರದ್ದತಿಗೆ ಹತ್ತು ದಿನ ಮುಂಚೆ. ಅದನ್ನು ಓದಿ ನಾನು ಹಾಳೆಯನ್ನು ಕೆಳಗಿಟ್ಟೆ. 45 ಲಕ್ಷದ ಫ್ಲ್ಯಾಟಿಗೆ ಸಾಲವಾಗಿ ಸಿಕ್ಕಿದ್ದು ನೂರಕ್ಕೆ ಎಂಬತ್ತು. ನನ್ನ ಕೈಯಿಂದ ಹಾಕಬೇಕಾದ 9 ಲಕ್ಷದಲ್ಲಿ ಅರ್ಧ ಅಪ್ಪ ಕಳಿಸಿದ್ದ. ಕಡಲೆ, ಮೆಣಸಿನಕಾಯಿ ಮಾರಿ ಕೂಡಿಟ್ಟದ್ದು ಎಂದಿದ್ದ. ಎರಡು ಎಕರೆ ಒಣಬೇಸಾಯದಲ್ಲಿ ನಾಲ್ಕೂವರೆ ಲಕ್ಷ ಕೂಡಿಡಲು ಎಷ್ಟು ವರ್ಷ ಬೇಕೆಂದು ಅಂದು ಒಂದು ಗಳಿಗೆ ಲೆಕ್ಕ ಹಾಕಿದ್ದರೆ ಗೊತ್ತಾಗುತ್ತಿತ್ತು. ದಿನವೂ ಲೆಕ್ಕವನ್ನೇ ಮಾಡಿ ಸಂಬಳ ಪಡೆಯುವ ನಾನು ಆ ಒಂದು ಲೆಕ್ಕವನ್ನು ಹಾಕಲಿಲ್ಲ.

"ಹೇಳಬಾರದಿತ್ತೇನಪಾ?" ಎಂದೆ.

"ನಿನಗ ಹೇಳಿ ಏನ್ ಮಾಡೂದಿತ್ತೊ ತಮ್ಮಾ. ಹೊಲ ಎಲ್ಲಿಗೂ ಓಡಿ ಹೋಗಿಲ್ಲ, ಅಲ್ಲೇ ಐತಿ. ಒಮ್ಮೆ ಇಟ್ಟಿದ್ದೆ, ಆಮ್ಯಾಲ ಬೇಕಾದಾಗ ಅದರ ಮ್ಯಾಲ ಬರಿಸೇನಿ ಅಷ್ಟ."

ಅದರ ಮೇಲೆ ಬರೆಸುವುದು. ಪುಣೆಯ ಬ್ಯಾಂಕುಗಳು ಟಾಪ್-ಅಪ್ ಎಂದು ಕರೆಯುವುದನ್ನು ಅಪ್ಪ ಎಂಟು ವರ್ಷಕ್ಕೊಮ್ಮೆ ಮಾಡುತ್ತಾ ಬಂದಿದ್ದ. ಭೋಗ್ಯದಲ್ಲಿ ಬಡ್ಡಿಯಿಲ್ಲ, ಬಡ್ಡಿಯ ಬದಲು ಸಾಲ ಕೊಟ್ಟವರು ಹೊಲದ ಫಸಲು ಉಣ್ಣುತ್ತಾರೆ. ಅಸಲು ಒಂದು ರೂಪಾಯಿಯೂ ಇಳಿಯುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 58ನೆಯ ಕಲಮಿನಲ್ಲಿ ಅಡಮಾನದ ಬಗೆಗಳನ್ನೆಲ್ಲ ಹೆಸರಿಸಲಾಗಿದೆ. ಅಪ್ಪನಂತೆ ಸ್ವಾಧೀನ ಕೊಟ್ಟು ಫಸಲು ಬಿಟ್ಟುಕೊಡುವುದೂ, ನನ್ನಂತೆ ಮೂಲಪತ್ರ ಒಪ್ಪಿಸಿ ಮನೆಯಲ್ಲೇ ಉಳಿಯುವುದೂ ಅದೇ ಕಲಮಿನ ಎರಡು ಉಪವಿಧಿಗಳು. ತಂದೆ ಮಗ ಇಬ್ಬರೂ ಒಂದೇ ಪುಟದಲ್ಲಿದ್ದೆವು, ಅದು ನನಗೆ ತಿಳಿದಿರಲಿಲ್ಲ.

ಹೊಲ ಬಿಡಿಸಲು 8 ಲಕ್ಷ ಬೇಕು, ಏಪ್ರಿಲ್ 9ರ ಯುಗಾದಿಯೊಳಗೆ. ತಪ್ಪಿದರೆ ಮತ್ತೆ ಮೂರು ವರ್ಷ. ಅಪ್ಪನಿಗೆ ಎಪ್ಪತ್ತನಾಲ್ಕು.

ಪುಣೆಗೆ ಮರಳಿ, ಸಾಲ ಸಾಗಿಸಲು ಬೇಕಾದ ಬಾಕಿಪತ್ರವನ್ನು ಹಳೆಯ ಸಂಸ್ಥೆಯಿಂದ ಕೇಳಿದೆ. ಕೇಳಿದ ಮರುದಿನವೇ ಫೋನು. ಏಳು ವರ್ಷ ನನ್ನ ಹೆಸರನ್ನೇ ಮರೆತಿದ್ದವರು ಈಗ ಅಕ್ಕರೆಯಿಂದ ಮಾತಾಡಿದರು. ಎಲ್ಲಿಗೂ ಹೋಗುವುದು ಬೇಡ, ನಿಮಗೆ ಹಣದ ಅಗತ್ಯವಿದ್ದರೆ ಟಾಪ್-ಅಪ್ ಇದೆ, ನಾಲ್ಕು ದಿನದಲ್ಲಿ 8 ಲಕ್ಷ ಖಾತೆಗೆ ಬರುತ್ತದೆ, ಪತ್ರಗಳು ಹೇಗೂ ನಮ್ಮಲ್ಲೇ ಇವೆ, ಒಂದು ಸಹಿ ಸಾಕು. ಬಡ್ಡಿ ಶೇ. 11, ಅವಧಿ 15 ವರ್ಷ, ಕಂತು ಕೇವಲ 9,093. ಆ 'ಕೇವಲ'ವನ್ನು ನಾನು 180ರಿಂದ ಗುಣಿಸಿ ನೋಡಿದೆ: 16 ಲಕ್ಷದ ಮೇಲಾಗುತ್ತಿತ್ತು.

ಆದರೂ ಮನಸ್ಸು ವಾಲಿತ್ತು ಎಂಬುದನ್ನು ಮುಚ್ಚಿಡಲಾರೆ. ಮೊದಲು ಇಲ್ಲಿಯೇ 8 ಲಕ್ಷ ಪಡೆದು ಹೊಲ ಬಿಡಿಸಿ, ಆಮೇಲೆ ಒಟ್ಟು 38 ಲಕ್ಷವನ್ನು ಹೊಸ ಬ್ಯಾಂಕಿಗೆ ಸಾಗಿಸಿದರಾಯಿತು ಎಂಬುದು ನನ್ನ ಯೋಚನೆ. ಅನೇಕರು ಹೀಗೆಯೇ ಯೋಚಿಸುತ್ತಾರೆ. ಹೊಸ ಬ್ಯಾಂಕಿನಲ್ಲಿ ನನ್ನ ಕಡತ ನೋಡುತ್ತಿದ್ದವರು ಸೋಲಾಪುರದ ಕಡೆಯವರು, ಮನೆಯಲ್ಲಿ ಕನ್ನಡ ಮಾತಾಡುವವರು. ನಾನು ಇದನ್ನು ಹೇಳಿದಾಗ ಪೆನ್ನು ಕೆಳಗಿಟ್ಟರು. "ಸರ, ಹಂಗ ಮಾಡಬ್ಯಾಡ್ರಿ" ಎಂದರು. ಹೊಸದಾಗಿ ಎತ್ತಿದ ಸಾಲವನ್ನು ಅವರ ಬ್ಯಾಂಕು ಕೂಡಲೇ ವಹಿಸಿಕೊಳ್ಳುವುದಿಲ್ಲವಂತೆ. ಹನ್ನೆರಡು ಕಂತುಗಳನ್ನು ತಪ್ಪದೆ ಕಟ್ಟಿದ ದಾಖಲೆ ಬೇಕು. ಸಾಗಿಸುವ ಮುನ್ನ ಅವಸರದಲ್ಲಿ ಸಾಲ ಹೆಚ್ಚಿಸಿಕೊಂಡವನನ್ನು ಅವರ ಯಂತ್ರ ಹಣಕ್ಕೆ ಪರದಾಡುತ್ತಿರುವವನೆಂದು ಎಣಿಸುತ್ತದೆ. ಒಂದು ವರ್ಷ ಕಾಯುವುದೆಂದರೆ ಬಡ್ಡಿಯ ವ್ಯತ್ಯಾಸವೇ ಸುಮಾರು 66 ಸಾವಿರ. ಸಾಗಿಸುವಾಗಲೇ ಟಾಪ್-ಅಪ್ ಕೇಳಿದರೆ ಅವರು 8.85ಕ್ಕೆ ಕೊಡುತ್ತಾರೆ, 30ರಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ಮನೆಯ ಬೆಲೆಯ ಶೇ. 80 ಎಂಬ ಮಿತಿಯಿದ್ದು, ಈಗ 55 ಲಕ್ಷವೆಂದು ಬೆಲೆಕಟ್ಟಿದ ನನ್ನ ಫ್ಲ್ಯಾಟಿಗೆ 38 ಲಕ್ಷ ಹೆಚ್ಚೇನಲ್ಲ. ತೊಡಕು ಒಂದೇ. ಹಳೆಯ ಸಂಸ್ಥೆಯಿಂದ ಮೂಲಪತ್ರ ಬಂದು ಅವರ ಕೈ ಸೇರುವವರೆಗೆ ಟಾಪ್-ಅಪ್ಪಿನ ಹಣ ಬಿಡುಗಡೆಯಾಗದು. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಪತ್ರ ಹಿಂದಿರುಗಿಸಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ ಹಿಂದಿನ ಡಿಸೆಂಬರಿನಿಂದಷ್ಟೇ ಜಾರಿಗೆ ಬಂದಿತ್ತು. ಎಲ್ಲವೂ ನಿಯಮದಂತೆ ನಡೆದರೂ ಯುಗಾದಿ ದಾಟುತ್ತಿತ್ತು.

ಈ ಇಬ್ಬಂದಿಯಲ್ಲಿದ್ದಾಗ ಒಂದು ಭಾನುವಾರ ಮನೆಯವರೆಲ್ಲ ಮೋರಗಾಂವಿನ ಗಣಪತಿಗೆ ಹೋದೆವು. ಅಲ್ಲಿಂದ ಸುಪೆ ದೂರವಿಲ್ಲ. ಪುಣೆಯಲ್ಲಿ ಇಷ್ಟು ವರ್ಷವಿದ್ದೂ ನಾನು ಆ ಊರಿಗೆ ಹೋಗಿರಲಿಲ್ಲ. 1875ರ ಮೇ 12ರಂದು, ಸುಪೆಯ ಸಂತೆಯಲ್ಲಿ ಸುತ್ತಲ ಹಳ್ಳಿಗಳ ರೈತರು ಕೂಡಿ ಸಾಹುಕಾರರ ಅಂಗಡಿಗಳ ಮೇಲೆ ಬಿದ್ದು, ಲೆಕ್ಕದ ಪುಸ್ತಕಗಳನ್ನೂ ಸಾಲದ ಬಾಂಡುಗಳನ್ನೂ ಕೇಳಿ ಸುಟ್ಟುಹಾಕಿದರು. ಅಲ್ಲಿಂದ ಅದು ಅಹಮದನಗರದ ಕಡೆಗೆ ಹಬ್ಬಿತು. ಚರಿತ್ರೆಯಲ್ಲಿ ದಖ್ಖನ್ ದಂಗೆ ಎಂದು ಓದಿರುತ್ತೇವೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಗೆ ಬಂದ ಬೆಲೆ ನೋಡಿ ಸಾಹುಕಾರರು ಸಾಲವನ್ನು ಧಾರಾಳವಾಗಿ ಹರಿಸಿದ್ದರು. ಯುದ್ಧ ಮುಗಿದು ಬೆಲೆ ಕುಸಿದಾಗ ಕೈ ಬಿಗಿಹಿಡಿದರು. ನನ್ನನ್ನು ತಡೆದು ನಿಲ್ಲಿಸಿದ್ದು ಇದಲ್ಲ, ಬಾಂಡಿನ ಕಥೆ. ಬಡ್ಡಿ ಬೆಳೆಯದಿರಲೆಂದು ಸರ್ಕಾರ 1859ರಲ್ಲಿ ಕಾಲಮಿತಿ ಕಾನೂನು ತಂದು, ಸಾಲಪತ್ರಕ್ಕೆ ಮೂರು ವರ್ಷ ಮಾತ್ರ ಬೆಲೆಯೆಂದು ವಿಧಿಸಿತು. ಸಾಹುಕಾರರು ಅದನ್ನು ತಲೆಕೆಳಗು ಮಾಡಿದರು. ಮೂರು ವರ್ಷಕ್ಕೊಮ್ಮೆ ಹೊಸ ಬಾಂಡು. ಹಳೆಯ ಅಸಲು, ಅದರ ಬಡ್ಡಿ, ನಡುವೆ ಪಡೆದ ಕಾಳುಕಡಿ ಎಲ್ಲವೂ ಸೇರಿ ಹೊಸ ಬಾಂಡಿನ ಅಸಲಾಗುತ್ತಿತ್ತು. ರೈತನಿಗೆ ಪ್ರತಿ ಸಲವೂ ಒಂದಿಷ್ಟು ಹೊಸ ಹಣ ಕೈಗೆ ಬರುತ್ತಿತ್ತು, ಆದ್ದರಿಂದ ಹೆಬ್ಬೆಟ್ಟು ಒತ್ತುತ್ತಿದ್ದ.

ನನ್ನ ಸಂಸ್ಥೆಯನ್ನು ಸುಪೆಯ ಸಾಹುಕಾರನಿಗೆ ಹೋಲಿಸುವುದು ನ್ಯಾಯವಲ್ಲ. ನನಗೆ ಓದು ಬರುತ್ತದೆ, ಗುಣಾಕಾರ ಬರುತ್ತದೆ, ಬೇರೆ ಬ್ಯಾಂಕಿಗೆ ಹೋಗುವ ದಾರಿಯಿದೆ. ನಮ್ಮ ಬಾಜೂ ಹೊಲದವರನ್ನಂತೂ ಹಾಗೆ ಎನ್ನಲಾರೆ. 2001ರಲ್ಲಿ ಯಾವ ಬ್ಯಾಂಕೂ ಒಳಗೆ ಬಿಟ್ಟುಕೊಳ್ಳದಿದ್ದಾಗ ರಾತ್ರಿ ಹೊತ್ತು ಹಣ ಎಣಿಸಿಕೊಟ್ಟವರು ಅವರು. ಆದರೂ ಹಳೆಯದು ಕರಗಿ ಹೊಸದರ ಅಸಲಾಗಿಬಿಡುವ ಆ ರೀತಿಯಿದೆಯಲ್ಲ, ಅದನ್ನು ಅಪ್ಪನ ಬಾಂಡಿನ ಮೂರು ಶಾಯಿಗಳಲ್ಲಿಯೂ ಕಂಡಿದ್ದೆ, ನಾನು ಸಹಿ ಹಾಕಲಿದ್ದ ಕಾಗದದಲ್ಲಿಯೂ ಕಂಡೆ. ಮದುವೆಯ ಸಾಲ, ಫೀಸಿನ ಸಾಲ, ಫ್ಲ್ಯಾಟಿನ ಸಾಲ ಎಂದು ಬೇರೆ ಬೇರೆಯಾಗಿದ್ದುವು ಒಮ್ಮೆ ಬೆರೆತರೆ, ಯಾವುದು ತೀರಿತು ಯಾವುದು ಉಳಿಯಿತು ಎಂದು ಯಾರೂ ಹೇಳಲಾರರು.

ಆ ರಾತ್ರಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾದ್ರ ಈ ಮನಿ ಅರ್ಧ ಮಾವನವರದ್ದರೀ" ಎಂದಳು. ಅರ್ಧವಲ್ಲ, ಹತ್ತನೆಯ ಒಂದು ಭಾಗ ಎಂದು ತಿದ್ದಲು ಬಾಯಿ ತೆರೆದವನು ಸುಮ್ಮನಾದೆ. ಮರುದಿನ ಅವಳೇ ತನ್ನ ಪಾಟ್ಲಿ, ಬಿಲ್ವಾರ, ತವರಿನ ಸರ ತೆಗೆದು ಮೇಜಿನ ಮೇಲಿಟ್ಟಳು. ಬಂಗಾರದ ಸಾಲಕ್ಕೆ ಅರ್ಧ ಗಂಟೆಯಷ್ಟೇ ಬೇಕಾಯಿತು, 4 ಲಕ್ಷ ಸಿಕ್ಕಿತು. ಬಡ್ಡಿ ಗೃಹಸಾಲಕ್ಕಿಂತ ಹೆಚ್ಚೇ. ಎರಡು ತಿಂಗಳ ಮಟ್ಟಿಗಾದ್ದರಿಂದ ಅದನ್ನು ಲೆಕ್ಕಿಸಲಿಲ್ಲ. ಅವಳು ರಸೀದಿಯನ್ನು ಮಾತ್ರ ತನ್ನ ಪರ್ಸಿನಲ್ಲಿಟ್ಟುಕೊಂಡಳು, ನನ್ನ ಕಡತಕ್ಕೆ ಕೊಡಲಿಲ್ಲ.

ಉಳಿದರ್ಧಕ್ಕೆ ಸಮಯ ಕೇಳಬೇಕಿತ್ತು. ನಾನು ಫೋನು ಮಾಡುತ್ತೇನೆಂದರೆ ಅಪ್ಪ ಬೇಡವೆಂದ. ತಾನೇ ಹೋಗಿ ಅವರ ಕಟ್ಟೆಯ ಮೇಲೆ ಕುಳಿತು, ಯುಗಾದಿಗೆ ಅರ್ಧ, ಬಸವ ಜಯಂತಿಗೆ ಅರ್ಧ ಎಂದು ಕೇಳಿಬಂದ. ಇಪ್ಪತ್ತೆರಡು ವರ್ಷದಲ್ಲಿ ಅವರ ಬಳಿ ಹಣ ಕೇಳಿದ್ದುಂಟು, ವಾಯಿದೆ ಕೇಳಿದ್ದಿಲ್ಲ ಎಂದು ಅವ್ವ ಫೋನಿನಲ್ಲಿ ಹೇಳಿದಳು. ಅವರು ಒಪ್ಪಿದರು. ಒಪ್ಪುವ ಮುನ್ನ ಒಂದು ಗಳಿಗೆ ಸುಮ್ಮನಿದ್ದರಂತೆ. ಆ ಗಳಿಗೆಯ ಬಗ್ಗೆ ಅಪ್ಪ ನನಗೆ ಹೇಳಿಲ್ಲ, ಅದೂ ಅವ್ವನ ಮಾತೇ.

ಬ್ಯಾಂಕಿನ ಅರ್ಜಿಯಲ್ಲಿ ಟಾಪ್-ಅಪ್ ಯಾತಕ್ಕೆಂಬ ಕಲಮಿತ್ತು. ಮನೆ ದುರಸ್ತಿ ಎಂದು ಬರೆದುಬಿಡಿ, ಯಾರೂ ಬಂದು ನೋಡುವುದಿಲ್ಲ ಎಂದು ಹಳೆಯ ಸಂಸ್ಥೆಯವರು ಮೊದಲೇ ಉಪದೇಶಿಸಿದ್ದರು. ನಾನು 'ಇತರೆ' ಎಂದು ಗುರುತು ಹಾಕಿ, ಊರಿನ ಜಮೀನಿನ ಋಣ ತೀರಿಸಲು ಎಂದು ಬರೆದೆ. ಅದಕ್ಕಾಗಿ ಬಾಂಡಿನ ಜೆರಾಕ್ಸ್ ಕೇಳಿದರು, ಕೊಟ್ಟೆ. ಅದೇ ವರ್ಷದ ಆಗಸ್ಟ್ 8ರಂದು ರಿಸರ್ವ್ ಬ್ಯಾಂಕಿನ ಅಂದಿನ ಗವರ್ನರ್ ಶಕ್ತಿಕಾಂತ ದಾಸ್ ಅವರು, ಮನೆಯ ಮೇಲಿನ ಟಾಪ್-ಅಪ್ ಸಾಲಗಳಲ್ಲಿ ಹಣ ಯಾವುದಕ್ಕೆ ಬಳಕೆಯಾಗುತ್ತದೆಂಬುದರ ಮೇಲೆ ಕೆಲವು ಸಂಸ್ಥೆಗಳು ನಿಗಾ ಇಡುತ್ತಿಲ್ಲ ಎಂದು ಎಚ್ಚರಿಸಿದ್ದನ್ನು ಓದಿದಾಗ ಆ ಉಪದೇಶ ನೆನಪಾಯಿತು.

ಇನ್ನೊಂದು ಸಂಗತಿಯಲ್ಲಿ ನಾನು ಹಟ ಹಿಡಿದೆ. 8 ಲಕ್ಷವನ್ನು ದೊಡ್ಡ ಸಾಲದೊಡನೆ ಬೆರೆಸಿ 12 ವರ್ಷಕ್ಕೆ ಹರಡಿದರೆ ಕಂತು 9,037 ಮಾತ್ರ ಎಂದರು. ಬಡ್ಡಿ ಒಟ್ಟು 5 ಲಕ್ಷ. ಪ್ರತ್ಯೇಕ ಖಾತೆಯಾಗಿ ಐದು ವರ್ಷಕ್ಕೆ ಇಟ್ಟರೆ ಕಂತು 16,548, ಬಡ್ಡಿ 1.93 ಲಕ್ಷ. ತಿಂಗಳಿಗೆ ಏಳೂವರೆ ಸಾವಿರ ಹಗುರಾಗುವುದಕ್ಕೆ ಮೂರು ಲಕ್ಷ ತೆರಬೇಕು. ಪ್ರತ್ಯೇಕವೇ ಇರಲಿ ಎಂದೆ. ಮೂರು ಲಕ್ಷದ ಆಸೆಗಿಂತ ಹೆಚ್ಚಾಗಿ, ಅಪ್ಪನ ಸಾಲಕ್ಕೆ ಅದರದೇ ಒಂದು ಪುಟವಿರಲಿ, ಅದು ತೀರುವುದನ್ನು ಅವನಿಗೆ ಬೆರಳಿಟ್ಟು ತೋರಿಸುವಂತಿರಲಿ ಎಂಬುದು ನನ್ನ ಮನಸ್ಸಿನಲ್ಲಿತ್ತು. ತಿಂಗಳ ಒಟ್ಟು ಕಂತು 50 ಸಾವಿರ ದಾಟಿತು. ಮಗಳ ಈಜಿನ ತರಗತಿ ನಿಂತಿತು. ಹೊಸ ಕಾರಿನ ಮಾತನ್ನು ಮನೆಯಲ್ಲಿ ಯಾರೂ ಈಗ ಎತ್ತುವುದಿಲ್ಲ.

ಮಾರ್ಚ್ 20ಕ್ಕೆ ಹಳೆಯ ಸಾಲ ತೀರಿತು. ಪತ್ರಗಳು ಬರಲು ಇಪ್ಪತ್ತನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ ಯುಗಾದಿ ಬಂದುಹೋಗಿ ಬಂಗಾರದ 4 ಲಕ್ಷ ಊರು ಸೇರಿತ್ತು. ನೀಲಿ ಚೀಲವನ್ನು ನನ್ನ ಕೈಗೇ ಕೊಟ್ಟರು. ಅಲ್ಲಿಂದ ಹೊಸ ಬ್ಯಾಂಕಿಗೆ ಆಟೋದಲ್ಲಿ ಹೋಗುವ ನಲವತ್ತು ನಿಮಿಷ ಮಾತ್ರ ನನ್ನ ಮನೆಯ ಪತ್ರಗಳು ನನ್ನ ತೊಡೆಯ ಮೇಲಿದ್ದವು. ತೆರೆದು ನೋಡಿದೆ. ಬಿಲ್ಡರನ ಒಪ್ಪಂದದಲ್ಲಿ ಮುಂಗಡ ಹಣದ ವಿವರವಿತ್ತು, ನನ್ನ ಸಹಿಯಿತ್ತು. ಅಪ್ಪನ ನಾಲ್ಕೂವರೆ ಲಕ್ಷ ನನ್ನ ಹೆಸರಿನಲ್ಲಿಯೇ ನಮೂದಾಗಿತ್ತು. ಅದೇ ವಾರ ಅವನ್ನು ಮತ್ತೆ ಒತ್ತೆಯಿಟ್ಟೆ. ಮಹಾರಾಷ್ಟ್ರದಲ್ಲಿ ಹೀಗೆ ಪತ್ರ ಒಪ್ಪಿಸಿದ 30 ದಿನದೊಳಗೆ ಉಪನೋಂದಣಿ ಕಚೇರಿಗೆ ಸೂಚನಾಪತ್ರ ಸಲ್ಲಿಸಬೇಕು. ಅದೂ ಮುಗಿದು ಏಪ್ರಿಲ್ ಕೊನೆಗೆ ಹಣ ಬಂತು. ಮೊದಲು ಬಂಗಾರ ಬಿಡಿಸಿ ತಂದೆ. ಹೆಂಡತಿ ಪಾಟ್ಲಿಯನ್ನು ಕೈಗೆ ಹಾಕಿಕೊಳ್ಳದೆ ಹಾಗೆಯೇ ಕಪಾಟಿನಲ್ಲಿಟ್ಟಳು.

ಮೇ 10, ಬಸವ ಜಯಂತಿಯ ದಿನ ಸ್ವಾರಗೇಟಿನಿಂದ ರಾತ್ರಿ ಬಸ್ಸಿನಲ್ಲಿ ಹೋಗಿ ಊರು ತಲಪಿದೆ. ಬಾಜೂ ಹೊಲದವರು ಮೂಲ ಬಾಂಡನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ತಂದಿದ್ದರು. ಮೂರು ಬರಹಗಳ ಕೆಳಗೆ ಇನ್ನು ಎರಡು ಬೆರಳಿನಷ್ಟು ಜಾಗ ಉಳಿದಿತ್ತು. ಅಲ್ಲಿ 'ಪೂರ್ತಿ ಹಣ ಮುಟ್ಟಿತು' ಎಂದು ಬರೆದು ಸಹಿ ಹಾಕಿದರು. ಅಪ್ಪ ಕನ್ನಡಕ ಏರಿಸಿ ಎರಡು ಸಲ ಓದಿದ. ಸುಪೆಯ ಕಥೆ ಹೇಳಿ, ಸುಟ್ಟುಬಿಡೋಣವೇ ಎಂದು ತಮಾಷೆಗೆ ಕೇಳಿದೆ. "ಕಾಗದ ಸುಡಬಾರದೊ" ಎಂದು ಅದನ್ನು ಮಡಿಚಿ ಟ್ರಂಕಿಗೆ ಸೇರಿಸಿದ. ಸಂಜೆ ಹೊಲದ ಬದುವಿನ ಗುಂಟ ಇಬ್ಬರೂ ನಡೆದೆವು. ಅವನು ಹೊಲದೊಳಗೆ ಕಾಲಿಡಲಿಲ್ಲ, ಅಂಚಿನಲ್ಲಿಯೇ ನಡೆದ.

ಜೂನ್ ಮೊದಲ ವಾರ, ನಾನು ಆಫೀಸಿನಲ್ಲಿದ್ದಾಗ ಅವನ ಫೋನು ಬಂತು. ಮಳೆ ಹದವಾಗಿದೆ, ಹೆಸರು ಬಿತ್ತಬೇಕು, ಬಾಡಿಗೆ ಟ್ರ್ಯಾಕ್ಟರ್ ಹೇಳಿದ್ದೇನೆ ಎಂದ. ನಮ್ಮ ದೇಶದ ಮೊದಲ ಕೃಷಿ ಸಹಕಾರಿ ಸಂಘ 1905ರಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳ್ತನದಲ್ಲಿ ಹುಟ್ಟಿದ್ದು ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ. ಆ ಅಭಿಮಾನ ನಮ್ಮ ಕಡೆಯವರಿಗೆ ಇನ್ನೂ ಇದೆ. ಅಪ್ಪನ ಮುಂದಿನ ಮಾತು ಅದಕ್ಕೆ ಹೊಂದುವಂತೆಯೇ ಇತ್ತು.

"ಬೀಜ, ಗೊಬ್ಬರಕ್ಕ ನಿನ್ನ ಕೇಳಂಗಿಲ್ಲಪಾ. ಸೊಸೈಟ್ಯಾಗ ಬೆಳೆಸಾಲ ಕೊಡತಾರ. ಆ ನಾಲ್ಕ ಎಕರೆದ್ದ ಉತಾರ ತಗಸಾಕ ಹೊಂಟೇನಿ."